ಅಲುಗಿದ ಕೈ

"ಅವನ್ನ ಅಳಸಬ್ಯಾಡ್ರಿ," ಎಂದು ಬಾಳಕೃಷ್ಣರಾಯರು ಕ್ಯಾಮೆರಾದ ಕಪ್ಪು ಬಟ್ಟೆಯ ಒಳಗಿನಿಂದ ಹೇಳಿದರು.

ಅಳಿಸಿದವರು ಅವರೇ. ಆದರೆ ಅದನ್ನು ಅವರಿಗೆ ಹೇಳುವವರು ಯಾರು? ಇಷ್ಟು ಹೊತ್ತು ಎದುರಿಗೆ ನಿಂತು ಗಿಲಕಿ ಆಡಿಸುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಬಟ್ಟೆಯೊಳಗೆ ಹೊಕ್ಕು, ತಲೆಯೇ ಇಲ್ಲದವನಂತೆ ನಿಂತರೆ ಹತ್ತು ತಿಂಗಳ ಕೂಸು ಅಳದೆ ಇನ್ನೇನು ಮಾಡುತ್ತದೆ?

ಕೂಸಿನ ಹೆಸರು ಅಂದಾನೆಪ್ಪ. ಅವನನ್ನು ಎತ್ತರದ ಕುರ್ಚಿಯ ಮೇಲೆ ಕೂಡಿಸಿದ್ದರು. ಎಡಕ್ಕೊಂದು ದಿಂಬು, ಬಲಕ್ಕೊಂದು ದಿಂಬು, ಬೆನ್ನಿಗೊಂದು ದಿಂಬು. ತಲೆಗೆ ಜರಿ ಟೊಪ್ಪಿಗೆ, ಹಣೆಗೆ ಮೂರು ಬೆರಳಿನ ವಿಭೂತಿ, ಕಣ್ಣಿಗೆ ಕಾಡಿಗೆ, ಗಲ್ಲಕ್ಕೆ ದೃಷ್ಟಿಬೊಟ್ಟು. ಹಿಂದಿನ ಪರದೆಯ ಮೇಲೆ ಒಂದು ತೋಟ, ತೋಟದಲ್ಲಿ ಎರಡು ಬಾತುಕೋಳಿ. ಬಾತುಕೋಳಿಗಳು ಮಾತ್ರ ಸುಮ್ಮನಿದ್ದವು.

ಕುರ್ಚಿಯ ಪಕ್ಕದಲ್ಲಿ ಅಕ್ಕ ಸಾವಂತ್ರಿ ನಿಂತಿದ್ದಳು. ನಾಲ್ಕನೇ ಇಯತ್ತೆಯ ಹುಡುಗಿ. ಸಂಪಗಾಂವದಿಂದ ಬೈಲಹೊಂಗಲದವರೆಗೆ ಗಾಡಿಯಲ್ಲಿ ತಮ್ಮನನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದಳು. ಬಂದ ಮೇಲೆ ಟೊಂಕದ ಮೇಲೆ. ಈಗ ಅವಳ ಟೊಂಕ ಅವಳದೇ ಅನಿಸುತ್ತಿರಲಿಲ್ಲ.

ರಾಯರು ಬಟ್ಟೆಯಿಂದ ಹೊರಗೆ ಬಂದು ಹಣೆಯ ಬೆವರು ಒರೆಸಿಕೊಂಡರು. ಎರಡು ಗಾಜಿನ ಪ್ಲೇಟು ಆಗಲೇ ಹಾಳಾಗಿದ್ದವು. ಅವರ ಸ್ಟುಡಿಯೋದಲ್ಲಿ ಬೆಳಕು ಬರುವುದು ಮಾಡಿನ ಗಾಜಿನ ಹೆಂಚುಗಳಿಂದ. ಆ ಬೆಳಕಿನಲ್ಲಿ ಫೋಟೋ ಬರಬೇಕಾದರೆ "ಒಂದು, ಎರಡು" ಎಂದು ಎಣಿಸುವಷ್ಟು ಹೊತ್ತು ಅಲುಗಾಡದೆ ಕೂಡಬೇಕು. ದೊಡ್ಡವರು ಉಸಿರು ಬಿಗಿ ಹಿಡಿದು ಕೂಡುತ್ತಾರೆ. ಅಂದಾನೆಪ್ಪನಿಗೆ ಉಸಿರು ಬಿಗಿ ಹಿಡಿಯುವುದು ಗೊತ್ತಿದ್ದುದು ಜೋರಾಗಿ ಅಳುವುದಕ್ಕೆ ಮುಂಚೆ ಮಾತ್ರ.

ಇನ್ನೊಂದು ದಿನ ಬನ್ನಿರಿ ಎಂದು ರಾಯರು ಹೇಳಿ ನೋಡಿದರು. ಅವ್ವ ರಾಚವ್ವ ಆಗುವುದಿಲ್ಲ ಎಂದಳು. ಕಾಡಪ್ಪ ಮಾಮಾ ಬರುವ ಸೋಮವಾರ ಮಿರಜಕ್ಕೆ ಹೋಗುವವನಿದ್ದ. ಅವನ ಕೈಯಲ್ಲಿ ಫೋಟೋ ಹೋಗಲೇಬೇಕಿತ್ತು.

ಮಿರಜದ ದವಾಖಾನೆಯಲ್ಲಿ ಅಪ್ಪ ಇದ್ದ. ಎದೆಯ ರೋಗ. ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಅಂದಾನೆಪ್ಪ ಹುಟ್ಟಿದ್ದು ಆಮೇಲೆ. ಆ ರೋಗದವರ ಹತ್ತಿರ ಸಣ್ಣ ಮಕ್ಕಳನ್ನು ಬಿಡುವುದಿಲ್ಲವಾದ್ದರಿಂದ ಅಪ್ಪ ಮಗನ ಮುಖವನ್ನೇ ನೋಡಿರಲಿಲ್ಲ.

ಇಷ್ಟೇ ಆಗಿದ್ದರೆ ಸಾವಂತ್ರಿಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ. ಇನ್ನೊಂದು ಸಂಗತಿ ಇತ್ತು.

ಅವ್ವನಿಗೆ ಓದು ಬರಹ ಬರುವುದಿಲ್ಲ. ಅಪ್ಪನಿಗೆ ಕಾರ್ಡು ಬರೆಯುವವಳು ಸಾವಂತ್ರಿ. ಹೋದ ವರ್ಷ ಮುದಕವ್ವ ಅಜ್ಜಿ, ಅಂದರೆ ಅಪ್ಪನ ತಾಯಿ, ತೀರಿಕೊಂಡಳು. ಕೆಟ್ಟ ಸುದ್ದಿ ಕೇಳಿದರೆ ಅಪ್ಪನ ರೋಗ ಹೆಚ್ಚಾದೀತೆಂದು ಅವ್ವ, ಮಾಮಾ ಇಬ್ಬರೂ ಹೆದರಿ, ಸುದ್ದಿ ತಿಳಿಸುವುದೇ ಬೇಡ ಎಂದು ನಿಶ್ಚಯ ಮಾಡಿದರು. ಸಾವಂತ್ರಿ ಅವರು ಹೇಳಿದಂತೆ ಬರೆದಳು, 'ಅಜ್ಜಿ ಅರಾಮ ಇದ್ದಾಳೆ.' ಒಂದಲ್ಲ, ಮೂರು ಕಾರ್ಡಿನಲ್ಲಿ ಬರೆದಳು. ಮೂರನೆಯದರಲ್ಲಿ, ಅಪ್ಪನಿಗೆ ಖುಷಿ ಆಗಲಿ ಎಂದು, 'ದಿನಾ ನಿಮ್ಮ ಹೆಸರು ತೆಗೆಯುತ್ತಾಳೆ' ಎಂದು ತಾನೇ ಒಂದು ಸಾಲು ಸೇರಿಸಿದಳು.

ಆಮೇಲೆ ಊರಿನವರೊಬ್ಬರು ಅಪ್ಪನನ್ನು ನೋಡಲು ಹೋದವರು, ನಿನ್ನ ತಾಯಿ ಭಾಳ ಒಳ್ಳೆಯವಳಿದ್ದಳಪ್ಪ ಎಂದು ಕಣ್ಣೀರು ಒರೆಸಿಕೊಂಡರಂತೆ. ಅಲ್ಲಿಗೆ ಎಲ್ಲಾ ಬಯಲಾಯಿತು. ಒಂದು ತಿಂಗಳು ಅಪ್ಪನಿಂದ ಕಾರ್ಡೇ ಬರಲಿಲ್ಲ. ಬಂದಾಗ ಅದರಲ್ಲಿ ಹೀಗಿತ್ತು: 'ಊರಾಗ ಮಕ್ಕಳಿಗೆ ದಡಾರ ಬಂದೈತಂತ ಕೇಳಿದೆ. ಕೂಸು ಹೆಂಗದಾನ? ಸಾವಂತ್ರಿ, ಅರಾಮ ಅದಾನ ಅಂತ ನೀ ಬರೀತಿ. ಅದನ್ನ ನಾ ಹೆಂಗ ನಂಬಲಿ? ಫೋಟೋ ಕಳಸರಿ.'

ಆ ಕಾರ್ಡನ್ನು ಅವ್ವನಿಗೆ ಓದಿ ಹೇಳಿದವಳೂ ಸಾವಂತ್ರಿಯೇ. ನಡುವಿನ ಸಾಲುಗಳನ್ನು ಬಿಟ್ಟು ಓದಿದ್ದರೆ ಅವ್ವನಿಗೆ ತಿಳಿಯುತ್ತಿರಲಿಲ್ಲ. ಆದರೂ ಓದಿದಳು.

ಮಧ್ಯಾಹ್ನವಾಯಿತು. ಅಂದಾನೆಪ್ಪ ಅತ್ತು ಅತ್ತು ಬಿಕ್ಕಳಿಸತೊಡಗಿದ. ಮಿರಜಕ್ಕೆ ಕಳಿಸಲು ಬೆಲ್ಲ ಕೊಳ್ಳಬೇಕು, ಅಷ್ಟರಲ್ಲಿ ಕೂಸನ್ನು ಸಮಾಧಾನ ಮಾಡು ಎಂದು ಹೇಳಿ ಅವ್ವ ಪೇಟೆಗೆ ಹೋದಳು. ಸಾವಂತ್ರಿ ತಮ್ಮನನ್ನು ಎತ್ತಿಕೊಂಡು ಹೊರಗಿನ ಕಟ್ಟೆಯ ಮೇಲೆ ಕುಳಿತು ಬೆನ್ನು ತಟ್ಟಿದಳು. ಅವನು ಅವಳ ಹೆಗಲಿಗೆ ಮೂಗು ಒರೆಸಿ, ಎರಡು ಸಲ ಬಿಕ್ಕಳಿಸಿ, ನಿದ್ದೆ ಹೋದ.

ಆಗ ಅವಳಿಗೆ ಹೊಳೆಯಿತು. ಮಲಗಿದ ಕೂಸು ಅಲುಗಾಡುವುದಿಲ್ಲ!

"ರಾಯರ, ಮಲಗ್ಯಾನ್ರಿ," ಎಂದು ಬಾಗಿಲಲ್ಲಿ ನಿಂತು ಪಿಸುಗುಟ್ಟಿದಳು. "ಈಗ ತಗೀತೀರೇನ್ರಿ?"

ರಾಯರು ಒಂದು ಕ್ಷಣ ನೋಡಿದರು. ಬೆಳಗಿನಿಂದ ನಿಂತು ಅವರಿಗೂ ಸಾಕಾಗಿತ್ತು. ಹಗುರಕ ತಾ ಎಂದು ಕೈ ಮಾಡಿದರು.

ಇಬ್ಬರೂ ಸೇರಿ ಕೂಸನ್ನು ಕುರ್ಚಿಯಲ್ಲಿ ಕೂಡಿಸಿದರು. ದಿಂಬುಗಳನ್ನು ಒತ್ತಿ ಇಟ್ಟರು. ತಲೆ ಒಂದು ಕಡೆ ವಾಲಿತು. ಸಾವಂತ್ರಿ ಟೊಪ್ಪಿಗೆ ಸರಿ ಮಾಡಿ, ಅಳಿಸಿಹೋಗಿದ್ದ ವಿಭೂತಿಯನ್ನು ಮತ್ತೆ ಹಚ್ಚಿ, ಎರಡು ಪುಟ್ಟ ಕೈಗಳನ್ನು ತೊಡೆಯ ಮೇಲೆ ಜೋಡಿಸಿ ಇಟ್ಟಳು. ರಾಯರು ಬಟ್ಟೆಯೊಳಗೆ ಹೋದರು, ಬಂದರು, ಫೋಟೋ ತೆಗೆಯುವ ರಬ್ಬರಿನ ಗುಂಡನ್ನು ಒತ್ತಿದರು. ಯಾರೂ ಅಳಲಿಲ್ಲ. ಇಂಥ ಶಾಣ್ಯಾ ಕೂಸನ್ನು ತಾವು ಕಂಡಿಲ್ಲ ಎಂದು ರಾಯರು ಮೆಲ್ಲಗೆ ಹೇಳಿದರು. ಬೆಳಗಿನಿಂದ ಅವರು ಕೂಸಿನ ಬಗ್ಗೆ ಆಡಿದ ಒಳ್ಳೆಯ ಮಾತು ಅದೊಂದೇ.

ಅವ್ವ ಬಂದಾಗ ಕೆಲಸ ಮುಗಿದಿತ್ತು. ಫೋಟೋ ಆಯಿತೆಂದು ಕೇಳಿ ಅವಳು ಹೆಚ್ಚು ವಿಚಾರಿಸಲಿಲ್ಲ. ಬಿಸಿಲಲ್ಲಿ ತಿರುಗಿ ಬಂದವಳು ಒಂದು ತಂಬಿಗೆ ನೀರು ಕುಡಿದು ಗಾಡಿ ಹತ್ತಿದಳು. ದಾರಿಯುದ್ದಕ್ಕೂ ಸಾವಂತ್ರಿಗೆ ಹೆಮ್ಮೆ. ಟೊಂಕದ ನೋವು ಕೂಡ ಅಷ್ಟಾಗಿ ಗೊತ್ತಾಗಲಿಲ್ಲ.

ಗುರುವಾರ ಮಾಮಾ ಬೈಲಹೊಂಗಲದಿಂದ ಫೋಟೋ ತಂದ. ಸಾವಂತ್ರಿ ಸಾಲೆಯಿಂದ ಬಂದು ಇನ್ನೂ ಪಾಟಿಚೀಲ ಇಳಿಸಿರಲಿಲ್ಲ. ಅವ್ವ ಕೈ ಒರೆಸಿಕೊಂಡು ಪಾಕೀಟು ಬಿಚ್ಚಿದಳು. ನೋಡಿದಳು. ನೋಡಿದವಳು ಹಾಗೇ ಗೋಡೆಗೆ ಒರಗಿ ಕುಳಿತುಬಿಟ್ಟಳು.

ಏನಾಯಿತೆಂದು ಸಾವಂತ್ರಿ ಬಗ್ಗಿ ನೋಡಿದಳು. ಫೋಟೋ ಚೆನ್ನಾಗಿಯೇ ಬಂದಿತ್ತು. ಟೊಪ್ಪಿಗೆಯ ಜರಿ, ವಿಭೂತಿಯ ಮೂರು ಗೆರೆ, ಕೈಯ ಒಂದೊಂದು ಬೆರಳು, ಎಲ್ಲವೂ ಸ್ಪಷ್ಟ.

"ಚಲೋ ಬಂದೈತಲ್ಲಬೇ," ಎಂದಳು.

ಮಾಮಾನ ಕಣ್ಣು ಎದುರಿನ ಗೋಡೆಯ ಕಡೆ ಹೋಯಿತು. ಸಾವಂತ್ರಿಯೂ ಆ ಕಡೆ ನೋಡಿದಳು.

ಗೋಡೆಯ ಮೇಲೆ ಮುದಕವ್ವ ಅಜ್ಜಿಯ ಫೋಟೋ ಇತ್ತು. ಅಜ್ಜಿ ಬದುಕಿದ್ದಾಗ ಯಾರೂ ಅವಳ ಫೋಟೋ ತೆಗೆಸಿರಲಿಲ್ಲ. ತೀರಿಕೊಂಡ ದಿನ, ಅವರ ಮಂದಿಯಲ್ಲಿ ಮಾಡುವಂತೆ, ಅವಳನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹೊಸ ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಎರಡೂ ಕಡೆ ದಿಂಬು ಕೊಟ್ಟು, ಕೈಗಳನ್ನು ತೊಡೆಯ ಮೇಲೆ ಜೋಡಿಸಿ ಇಟ್ಟಿದ್ದರು. ಆಮೇಲೆ ಬೈಲಹೊಂಗಲದಿಂದ ಬಾಳಕೃಷ್ಣರಾಯರನ್ನು ಕರೆಸಿದ್ದರು. ಊರಿನಲ್ಲಿ ಎಷ್ಟೋ ಮನೆಯ ಗೋಡೆಗಳ ಮೇಲೆ ಅಂಥದೇ ಫೋಟೋ ಇದ್ದವು.

ಸಾವಂತ್ರಿ ಅಜ್ಜಿಯನ್ನು ನೋಡಿದಳು. ಅವ್ವನ ಕೈಯಲ್ಲಿದ್ದ ಫೋಟೋ ನೋಡಿದಳು. ಮತ್ತೆ ಅಜ್ಜಿಯನ್ನು ನೋಡಿದಳು.

ಆ ಹೊತ್ತಿಗೆ ನಿಜವಾದ ಅಂದಾನೆಪ್ಪ ಒಲೆಯ ಹತ್ತಿರ ಅಂಬೆಗಾಲಿಕ್ಕಿ ಹೋಗಿ ಬೂದಿ ತಿನ್ನುತ್ತಿದ್ದ. ಅವ್ವ ಎದ್ದು ಅವನನ್ನು ಎಳೆದುಕೊಂಡು ಬಂದು ಎದೆಗೆ ಒತ್ತಿ ಹಿಡಿದಳು. ಇದನ್ನು ನೋಡಿದರೆ ಮಿರಜದಲ್ಲಿರುವವರ ಗತಿ ಏನು ಎಂದು ಅಳತೊಡಗಿದಳು. ಬೂದಿ ತಿನ್ನಲು ಬಿಡದ್ದಕ್ಕೆ ಅವನೂ ಅತ್ತ.

ಕೂಸು ಮಲಗಿದ್ದಾಗ ತೆಗೆಸಿದ್ದು ಎಂದು ಜೊತೆಗೊಂದು ಚೀಟಿ ಬರೆದು ಇಟ್ಟರಾಯಿತು ಎಂದು ಮಾಮಾ ಹೇಳಿದ.

"ನಾ ಬರದದ್ದು ಅಪ್ಪ ನಂಬೂದಿಲ್ಲ," ಎಂದಳು ಸಾವಂತ್ರಿ.

ಸುಳ್ಳು ಬರೆಯಲು ಹೇಳಿದವರು ತಾವೇ ಎಂಬುದು ಅವ್ವ, ಮಾಮಾ ಇಬ್ಬರಿಗೂ ನೆನಪಿತ್ತು. ಮಾಮಾ ಹೊರಗೆ ಹೋಗಿ ಎತ್ತುಗಳಿಗೆ ಸುಮ್ಮನೆ ಇನ್ನೊಮ್ಮೆ ಮೇವು ಹಾಕಿದ.

ಶನಿವಾರ ಮತ್ತೆ ಗಾಡಿ ಕಟ್ಟಿದರು. ಮತ್ತೆ ಸಾಲೆ ತಪ್ಪಿತು. ಮತ್ತೆ ಅದೇ ಕರಿ ಮಣ್ಣಿನ ದಾರಿ, ಅದೇ ಧೂಳು, ತೊಡೆಯ ಮೇಲೆ ಅದೇ ತಮ್ಮ. ಈ ಸಲ ಅವನು ಇನ್ನಷ್ಟು ಭಾರ ಆದಂತೆ ಇತ್ತು. ಅವ್ವ ಬೈದಿದ್ದರೆ ಚೆನ್ನಾಗಿತ್ತು ಎಂದು ಸಾವಂತ್ರಿಗೆ ಅನಿಸಿತು. ಬೈಯುವಷ್ಟು ಶಕ್ತಿ ಅವ್ವನಲ್ಲಿ ಉಳಿದಿರಲಿಲ್ಲ.

ರಾಯರು ಫೋಟೋ ಕೈಗೆ ತೆಗೆದುಕೊಂಡು, ಇದಕ್ಕೇನಾಗಿದೆ, ಇದಕ್ಕಿಂತ ಸ್ಪಷ್ಟ ಯಾರು ತೆಗೆದಾರು ಎಂದು ಮೊದಲು ಸಿಟ್ಟಿಗೆದ್ದರು. ಇದು ಎಲ್ಲಿಗೆ, ಯಾರಿಗೆ ಹೋಗಬೇಕು ಎಂಬುದನ್ನು ಅವ್ವ ತಡೆದು ತಡೆದು ಹೇಳಿದಳು. ರಾಯರು ಮತ್ತೊಮ್ಮೆ ಫೋಟೋ ನೋಡಿದರು. ಈ ಸಲ ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಮೇಜಿನ ಮೇಲೆ ಬೋರಲು ಹಾಕಿ, ಕುರ್ಚಿಯಲ್ಲಿ ಕುಳಿತರು.

"ಹನ್ನೆರಡು ವರ್ಷಾತು ಈ ಕೆಲಸಕ್ಕ ಬಂದು," ಎಂದರು. "ನಮ್ಮ ತಂದಿ ಪೂಜಿ ಮಾಡಕೋತ ಇರು ಅಂದ್ರು. ನಾ ಕೇಳಲಿಲ್ಲ. ಮಂದಿ ನನ್ನ ಕರಿಯೂದು ಮನ್ಯಾಗ ಯಾರರೆ ಹೋದಾಗ. ಅವರು ಅಲುಗಾಡೂದಿಲ್ಲ ನೋಡ್ರಿ. ಅದಽ ನನಗ ರೂಢಿ ಆಗಿಬಿಟ್ಟದ."

ಅವರ ದನಿಯಲ್ಲಿ ದಣಿವು ಇತ್ತು. ಸಾವಂತ್ರಿಗೆ ಅವರ ಬಗ್ಗೆ ಇದ್ದ ಭಯ ಕಡಿಮೆಯಾಯಿತು. ಮಲಗಿದ್ದಾಗ ತೆಗೆಯಿರಿ ಎಂದು ಹೇಳಿದ್ದು ತಾನೇ ಎಂದು ಅವಳು ಅವ್ವನ ಎದುರಿಗೇ ಒಪ್ಪಿಕೊಂಡಳು. ರಾಯರು, ನೀನು ಕೂಸು, ನಿನಗೆ ತಿಳಿಯಲಿಲ್ಲ, ನನಗೆ ತಿಳಿಯಬೇಕಾಗಿತ್ತು ಎಂದರು.

ಅವರು ಎದ್ದರು. ಕುರ್ಚಿಯನ್ನು ಗೋಡೆಗೆ ಸರಿಸಿದರು. ದಿಂಬುಗಳನ್ನು ಮೂಲೆಗೆ ಎಸೆದರು. ಕ್ಯಾಮೆರಾ ಹೊತ್ತುಕೊಂಡು ಹಿತ್ತಲಿಗೆ ನಡೆದರು. ಹಿತ್ತಲಿನಲ್ಲಿ ಬೇವಿನ ಗಿಡ ಇತ್ತು. ಗಿಡದ ನೆರಳಿನ ಅಂಚಿಗೆ, ಬೆಳಕು ಚೆನ್ನಾಗಿ ಬರುವ ಕಡೆ, ಒಂದು ಚಾಪೆ ಹಾಸಿದರು. ಟೊಪ್ಪಿಗೆ ತೆಗೆಯಿರಿ ಎಂದರು. ವಿಭೂತಿ ಒರೆಸಿರಿ ಎಂದಾಗ ಅವ್ವ ಸ್ವಲ್ಪ ತಡೆದಳು. ಆಮೇಲೆ ಸೆರಗಿನಿಂದ ತಾನೇ ಒರೆಸಿದಳು. ದೃಷ್ಟಿಬೊಟ್ಟು ಮಾತ್ರ ಬಿಡಲಿಲ್ಲ. ಅದಿರಲಿ ಎಂದು ರಾಯರೂ ಒಪ್ಪಿದರು.

ಅವರು ಕ್ಯಾಮೆರಾದ ಮೂರು ಕಾಲುಗಳನ್ನು ಮಡಿಚಿ ಗಿಡ್ಡ ಮಾಡಿದರು. ಕೂಸಿನ ಮುಖ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಕ್ಯಾಮೆರಾ ಬಂತು. ಮೊದಲು ಚಾಪೆಯ ಮೇಲೆ ಒಂದು ತಂಬಿಗೆ ಇಟ್ಟು, ಕಪ್ಪು ಬಟ್ಟೆಯೊಳಗೆ ಹೋಗಿ ಅದರ ಮೇಲೆ ನೋಟ ಕೂಡಿಸಿಕೊಂಡರು. ಆಮೇಲೆ ತಂಬಿಗೆ ಇದ್ದ ಜಾಗದಲ್ಲಿ ಕೂಸನ್ನು ಕೂಡಿಸಿದರು. ಇನ್ನು ತಾವು ಬಟ್ಟೆಯೊಳಗೆ ಹೋಗುವುದೇ ಬೇಕಿಲ್ಲ, ಅವನು ಹೆದರುವುದೂ ಬೇಕಿಲ್ಲ ಎಂದು ಹೇಳಿ, ಧೋತರ ಸರಿಸಿಕೊಂಡು ಕ್ಯಾಮೆರಾದ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತರು. ರಬ್ಬರಿನ ಗುಂಡು ಅವರ ಮುಷ್ಟಿಯಲ್ಲಿತ್ತು.

ಆಮೇಲೆ ಏನೂ ಆಗಲಿಲ್ಲ. ಬಹಳ ಹೊತ್ತು ಏನೂ ಆಗಲಿಲ್ಲ.

ಅಂದಾನೆಪ್ಪ ಬೇವಿನ ಎಲೆಯೊಂದನ್ನು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದ. ಚಾಪೆಯ ಕಡ್ಡಿ ಕಿತ್ತ. ಬೋರಲು ಬಿದ್ದು ಚಾಪೆಯ ಹೊರಗೆ ಹೋದ. ಸಾವಂತ್ರಿ ತಂದು ಕೂಡಿಸಿದಳು. ಮತ್ತೆ ಹೋದ. ಮತ್ತೆ ತಂದಳು. ಇನ್ನೊಂದು ಕಡೆಯಿಂದ ಹೋದ. ರಾಯರು ಗಿಲಕಿ ಆಡಿಸಲಿಲ್ಲ, ಸುಮ್ಮನಿರು ಎನ್ನಲಿಲ್ಲ. ಗಿಡದ ನೆರಳು ಚಾಪೆಯ ಮೇಲೆ ಮೆಲ್ಲಗೆ ಬರುತ್ತಿತ್ತು. ಅದು ಕೂಸಿನ ಮೇಲೆ ಬಿದ್ದರೆ ಇವತ್ತಿನ ಬೆಳಕು ಮುಗಿಯಿತು, ಇವತ್ತು ಮುಗಿದರೆ ಸೋಮವಾರಕ್ಕೆ ಫೋಟೋ ಇಲ್ಲ. ಅದು ಸಾವಂತ್ರಿಗೆ ಗೊತ್ತಿತ್ತು. ಅವಳು ಒಮ್ಮೆ ನೆರಳನ್ನು, ಒಮ್ಮೆ ತಮ್ಮನನ್ನು ನೋಡುತ್ತಿದ್ದಳು.

ಎಂಟನೆಯ ಸಲವೋ ಒಂಬತ್ತನೆಯ ಸಲವೋ ಅವನನ್ನು ತಂದು ಕೂಡಿಸಿದಾಗ ಅವಳಿಗೆ ಇನ್ನು ನಿಲ್ಲಲು ಆಗಲಿಲ್ಲ. ಚಾಪೆಯಿಂದ ನಾಲ್ಕು ಹೆಜ್ಜೆ ದೂರ ಹೋಗಿ, ಬೇವಿನ ಬೊಡ್ಡೆಗೆ ಒರಗಿ, ಕುಸಿದು ಕುಳಿತಳು. ಕಣ್ಣು ಮುಚ್ಚಿಕೊಂಡಳು. ನಗಿಸಲೂ ಬೇಡ, ಅಳಿಸಲೂ ಬೇಡ, ಏನಾದರೂ ಮಾಡಿಕೊಳ್ಳಲಿ ಎನಿಸಿತು.

ಅಕ್ಕ ತನ್ನನ್ನು ಎತ್ತಿಕೊಳ್ಳಲು ಬರುತ್ತಿಲ್ಲ ಎಂಬುದು ಅಂದಾನೆಪ್ಪನಿಗೆ ತಿಳಿಯಿತು. ಅವನು ಓಡಿಹೋಗುವುದನ್ನು ಬಿಟ್ಟ. ಕುಳಿತಲ್ಲಿಂದಲೇ ಅವಳನ್ನು ಹುಡುಕಿ, ಕಂಡು, ಬಾಯಿ ತೆರೆದು ಎರಡು ಹಲ್ಲು ತೋರಿಸಿ, "ಆ" ಎಂದು ಕೈ ಚಾಚಿದ.

ರಾಯರು ಗುಂಡನ್ನು ಒತ್ತಿದರು.

ಒತ್ತಿದವರು ತಕ್ಷಣ ನಾಲಿಗೆ ಕಚ್ಚಿಕೊಂಡರು. ಕೂಸಿನ ಕೈ ಅಲುಗಿತು ಎಂದರು. ಹೊಸ ಪ್ಲೇಟು ಹಾಕುವಷ್ಟರಲ್ಲಿ ನೆರಳು ಬಂದು ಚಾಪೆಯ ನಡುವೆ ಬಿತ್ತು, ಕೂಸೂ ಹಸಿದು ಅಳತೊಡಗಿತು. ಇದ್ದದ್ದು ಆ ಒಂದೇ.

ಈ ಸಲ ತನ್ನ ಕಣ್ಣಿನಿಂದ ನೋಡದೆ ಫೋಟೋ ಕಳಿಸುವುದಿಲ್ಲ ಎಂದು ಅವ್ವ ಹಟ ಹಿಡಿದಿದ್ದಳು. ಹೀಗಾಗಿ ಸೋಮವಾರ ಬೆಳಿಗ್ಗೆ ಮಾಮಾನ ಜೊತೆ ಎಲ್ಲರೂ ಗಾಡಿ ಹತ್ತಿದರು. ಮಾಮಾ ಬಸ್ಸು ಹಿಡಿದ ಮೇಲೆ ಗಾಡಿ ತಿರುಗಿಸಿ ತರಲು ಪಕ್ಕದ ಮನೆಯ ದುರ್ಗಪ್ಪ ಬಂದ. ಸಾವಂತ್ರಿಯ ಸಾಲೆ ಮೂರನೆಯ ಸಲ ತಪ್ಪಿತು. ಹಾಜರಿ ಪುಸ್ತಕದಲ್ಲಿ ತನ್ನ ಹೆಸರು ಇನ್ನೂ ಇದೆಯೋ ಇಲ್ಲವೋ ಎಂದು ಅವಳಿಗೆ ಚಿಂತೆಯಾಗಿತ್ತು.

ರಾಯರು ಫೋಟೋವನ್ನು ಕೊಡಲೋ ಬೇಡವೋ ಎಂಬಂತೆ ಕೊಟ್ಟರು.

ಕಣ್ಣು ತೆರೆದಿದ್ದವು. ಎರಡು ಹಲ್ಲು ಕಾಣುತ್ತಿದ್ದವು. ಗಲ್ಲದ ಮೇಲೆ ದೃಷ್ಟಿಬೊಟ್ಟಿನ ಜೊತೆಗೆ ಒಂದಿಷ್ಟು ಮಣ್ಣು ಕೂಡ ಇತ್ತು. ಆದರೆ ಬಲಗೈ ಇರಲಿಲ್ಲ. ಕೈ ಇರಬೇಕಾದ ಕಡೆ ಬೆಳ್ಳಗೆ ಹೊಗೆಯಂತೆ ಏನೋ ಹರಡಿತ್ತು.

ಪ್ಲೇಟಿನ ಮೇಲೆ ಪೆನ್ಸಿಲ್ಲಿನಿಂದ ತಿದ್ದಿ ಕೈಯನ್ನು ಸರಿ ಮಾಡಬಹುದು, ಐದೂ ಬೆರಳು ಬರುವಂತೆ ಮಾಡಿಕೊಡುತ್ತೇನೆ, ಬಸ್ಸು ಬರುವುದಕ್ಕೆ ಇನ್ನೂ ಟೈಮು ಇದೆ ಎಂದರು ರಾಯರು. ಅವ್ವ ಮಾಮಾನ ಮುಖ ನೋಡಿದಳು. ಕೈ ಇಲ್ಲದ ಮಗನನ್ನು ಕಳಿಸುವುದು ಹೇಗೆ ಎಂದು ಮಾಮಾನೂ ಯೋಚನೆ ಮಾಡಿದ. ತಿದ್ದಿಸೋಣ ಎಂದ.

ಸಾವಂತ್ರಿ ಫೋಟೋವನ್ನು ಕೈಯಿಂದ ಬಿಡಲಿಲ್ಲ.

"ಬ್ಯಾಡ್ರಿ," ಎಂದಳು. "ಹಿಂಗಽ ಇರಲಿ."

"ಯಾಕ? ಕೈ ಚಂದ ಬಂದಿಲ್ಲಲಾ," ಎಂದರು ರಾಯರು.

ಅವಳಿಗೆ ಹೇಗೆ ಹೇಳಬೇಕೋ ತಿಳಿಯಲಿಲ್ಲ. ಆ ಹೊಗೆಯ ಮೇಲೆ ಬೆರಳಾಡಿಸಿದಳು.

"ನಮ್ಮಜ್ಜಿ ಫೋಟೋದಾಗ ಕೈ ಭಾಳ ಚಂದ ಬಂದಾವ್ರಿ," ಎಂದಳು.

ರಾಯರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು. ಪೆನ್ಸಿಲ್ಲನ್ನು ಡ್ರಾಯರಿನಲ್ಲಿ ಹಾಕಿ, ಫೋಟೋವನ್ನು ಎರಡು ರಟ್ಟುಗಳ ನಡುವೆ ಇಟ್ಟು, ದಾರ ಕಟ್ಟಿ, ಮಾಮಾನ ಕೈಗೆ ಕೊಟ್ಟರು.

ಜೊತೆಗೆ ಚೀಟಿ ಏನಾದರೂ ಬರೆಯುತ್ತೀಯಾ ಎಂದು ಮಾಮಾ ಕೇಳಿದ. ಸಾವಂತ್ರಿ ಬೇಡ ಎಂದಳು.

ಮಾಮಾ ನಾಲ್ಕು ದಿನಕ್ಕೆ ತಿರುಗಿ ಬಂದ. ಅಪ್ಪ ಫೋಟೋ ನೋಡಿ ಏನಂದ ಎಂದು ಕೇಳಿದರೆ, ಏನೂ ಅನ್ನಲಿಲ್ಲ, ದಿಂಬಿನ ಕೆಳಗೆ ಇಟ್ಟುಕೊಂಡ ಎಂದ. ಸಾವಂತ್ರಿಗೆ ಅದು ಸಾಲಲಿಲ್ಲ. ದಿಂಬಿನ ಕೆಳಗೆ ಏನನ್ನಾದರೂ ಇಡಬಹುದು. ಸಾಲೆಗೆ ಹೋಗುವಾಗ, ಬರುವಾಗ, ನೀರು ತರುವಾಗ, ತಮ್ಮನನ್ನು ಎತ್ತಿಕೊಂಡು ತಿರುಗುವಾಗ ಅವಳು ಪೋಸ್ಟಿನವನ ದಾರಿ ನೋಡುತ್ತಿದ್ದಳು. ನೋಡಿ ನೋಡಿ ಸಾಕಾಗಿ, ಕೊನೆಗೆ ನೋಡುವುದನ್ನೇ ಬಿಟ್ಟಳು.

ಎರಡು ವಾರದ ಮೇಲೆ ಕಾರ್ಡು ಬಂತು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಸಾವಂತ್ರಿ ಒಲೆಯ ಹತ್ತಿರ ಕುಳಿತು ಓದಿದಳು.

ತನ್ನ ಜ್ವರ ಕಡಿಮೆಯಾಗಿದೆ ಎಂದು ಅಪ್ಪ ಬರೆದಿದ್ದ. ಬೆಲ್ಲ ಮುಟ್ಟಿತಂತೆ. ಕೂಸಿನ ಗಲ್ಲ ತನ್ನ ತಾಯಿಯ ಗಲ್ಲದಂತೆಯೇ ಇದೆ ಎಂದು ಬರೆದಿದ್ದ. ಪಕ್ಕದ ಕಾಟಿನವರಿಗೆಲ್ಲ ತೋರಿಸಿದನಂತೆ. ಕಾರ್ಡಿನ ಕೊನೆಗೆ, ಜಾಗ ಸಾಲದೆ ಅಂಚಿನಲ್ಲಿ ಸಣ್ಣದಾಗಿ, ಹೀಗಿತ್ತು: 'ಸಾವಂತ್ರಿ, ಅಂದಾನಿ ಯಾರ ಕಡೆ ಕೈ ಚಾಚ್ಯಾನ? ಫೋಟೋದಾಗ ಅವರು ಕಾಣವಲ್ರು. ನೀ ಬರಿ.'

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಆ ಕೊನೆಯ ಸಾಲನ್ನು ಇನ್ನೊಮ್ಮೆ ಓದು ಎಂದಳು. ಸಾವಂತ್ರಿ ಓದಿದಳು. 'ನೀ ಬರಿ' ಎಂಬಲ್ಲಿಗೆ ಬಂದು, ಕೇಳದಿದ್ದರೂ ಅಷ್ಟನ್ನೇ ಮತ್ತೊಮ್ಮೆ ಓದಿದಳು.

ಆಮೇಲೆ ಹೊಸ ಕಾರ್ಡು ತೆಗೆದುಕೊಂಡು ಹೊಸ್ತಿಲ ಮೇಲೆ ಕುಳಿತಳು. ಅಂದಾನೆಪ್ಪ ಅಂಬೆಗಾಲಿಕ್ಕಿ ಬಂದು ಅವಳ ತೊಡೆ ಹತ್ತಿ ಕೈಯಲ್ಲಿದ್ದ ಲೆಕ್ಕಣಿಕೆ ಹಿಡಿದು ಜಗ್ಗಿದ. ಅವನನ್ನು ಎಡಗೈಯಿಂದ ಅವಚಿಕೊಂಡು, ಬಲಗೈಯಿಂದ ಅವಳು ನಿಧಾನವಾಗಿ ಬರೆದಳು: 'ನನ್ನ ಕಡೆ, ಅಪ್ಪಾ.'